ಅಡಿಗೆ ಸೋಡ: ಚಿಟಿಕೆಯಲ್ಲಿ ಗುಣ, ಚಮಚದಲ್ಲಿ ದೋಷ



ಕಡೂರಿನ ಬಯಲುಸೀಮೆಯ ಊರಾಗಲಿ, ತರೀಕೆರೆಯ ಅಡಿಕೆ ತೋಟದ ಊರಾಗಲಿ, ತರೀಕೆರೆಯಿಂದ ಬೇರ್ಪಟ್ಟು ಒಂದು ತಾಲ್ಲೂಕಾಗಿರುವ ಅಜ್ಜಂಪುರದ ಕಡೆಯ ಊರಾಗಲಿ, ಅಡಿಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಒಂದು ಬಿಳಿಪುಡಿಯ ಪೊಟ್ಟಣ ಇದ್ದೇ ಇರುತ್ತದೆ. ಅದೇ ಅಡಿಗೆ ಸೋಡ. ಬಜ್ಜಿ ಉಬ್ಬಲು ಅದು ಬೇಕು. ಹುರುಳಿ ಬೇಗ ಬೇಯಲು ಅದು ಬೇಕು. ಇಡ್ಲಿ ಹಿಟ್ಟು ಹುದುಗದಿದ್ದರೆ ಅದು ಬೇಕು. ಹೊಟ್ಟೆ ಉಬ್ಬರಿಸಿದರೂ ಅದೇ ಬೇಕು.

ಇಷ್ಟು ಕೆಲಸಕ್ಕೆ ಬರುವ ಪುಡಿಯ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಸೋಡ ವಿಷವೆಂದೂ ಅದನ್ನು ಮನೆಯೊಳಕ್ಕೇ ತರಬಾರದೆಂದೂ ಕೆಲವರು ಹೇಳುತ್ತಾರೆ. ಅದು ಉಪ್ಪಿನ ಹಾಗೆ, ಎಷ್ಟು ಹಾಕಿದರೂ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ಇವೆರಡೂ ಸರಿಯಲ್ಲ. ಸೋಡದ ಗುಣವೇನು, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು.

ಸೋಡ ಎಂದರೇನು?

ಇದರ ಶಾಸ್ತ್ರೀಯ ಹೆಸರು ಸೋಡಿಯಂ ಬೈಕಾರ್ಬೊನೇಟ್. ಉಪ್ಪು ಮತ್ತು ಸುಣ್ಣದಕಲ್ಲು ಇದರ ಮೂಲವಸ್ತುಗಳು. ಅಮೋನಿಯದ ನೆರವಿನಿಂದ ಇವುಗಳಿಂದ ಸೋಡ ತೆಗೆಯುವ ವಿಧಾನವನ್ನು ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೆ ಎಂಬುವರು 1861ರಲ್ಲಿ ರೂಪಿಸಿದರು. ನಮ್ಮ ದೇಶದಲ್ಲಿ ಗುಜರಾತಿನ ಮಿಠಾಪುರದಲ್ಲಿ ಇಂಥ ದೊಡ್ಡ ಕಾರ್ಖಾನೆ ಇದೆ.

ಸೋಡ ಕ್ಷಾರಗುಣದ ವಸ್ತು. ಮೊಸರು, ಮಜ್ಜಿಗೆ, ನಿಂಬೆರಸ, ಹುಣಿಸೆಹುಳಿ ಇವು ಆಮ್ಲಗುಣದವು. ಸೋಡವೂ ಆಮ್ಲವೂ ನೀರಿನಲ್ಲಿ ಕೂಡಿದರೆ ಇಂಗಾಲಾಮ್ಲ ಅನಿಲ ಹುಟ್ಟುತ್ತದೆ. ಒಂದು ಗ್ರಾಂ ಸೋಡ ಪೂರ್ತಿಯಾಗಿ ಹುಳಿಯೊಡನೆ ಕೂಡಿದರೆ ಕಾಲು ಲೀಟರಿಗೂ ಮಿಗಿಲಾದ ಅನಿಲ ಹೊರಬರುತ್ತದೆ. ಹಿಟ್ಟಿನೊಳಗೆ ಸಿಕ್ಕಿಕೊಂಡ ಈ ಅನಿಲವೇ ಸಾವಿರಾರು ಸಣ್ಣ ಗುಳ್ಳೆಗಳಾಗಿ ಬೋಂಡವನ್ನು ಹಗುರ ಮಾಡುತ್ತದೆ.

ಹುಳಿಯಿಲ್ಲದೆ ಬರಿಯ ಕಾವಿನಿಂದಲೂ ಸೋಡ ಒಡೆಯುತ್ತದೆ. ಆದರೆ ಆಗ ಬರುವ ಅನಿಲ ಅರ್ಧದಷ್ಟು ಮಾತ್ರ. ಉಳಿದುದು ಸೋಡಿಯಂ ಕಾರ್ಬೊನೇಟ್ ಆಗಿ ತಿಂಡಿಯಲ್ಲೇ ನಿಲ್ಲುತ್ತದೆ. ಬಟ್ಟೆ ಒಗೆಯುವ ಸೋಡದಲ್ಲಿರುವುದೂ ಇದೇ ವಸ್ತು. ಸೋಡ ಹೆಚ್ಚಾದ ಬಜ್ಜಿ ನಾಲಗೆಗೆ ಸಾಬೂನಿನಂತೆ ಕಹಿಯಾಗುವುದೂ, ಹಳದಿ ಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಸೋಡ ಹಾಕಿದಲ್ಲಿ ಅದಕ್ಕೆ ತಕ್ಕ ಹುಳಿ ಇರಬೇಕು ಎಂಬುದು ಮೊದಲನೆಯ ಪಾಠ.

ಎಲ್ಲಿ ಬಳಸಬಹುದು?

ಮೊಸರಿನಲ್ಲಿ ಕಲಸಿದ ಮೈದಾ ಗೋಳಿಬಜೆ, ಮಜ್ಜಿಗೆ ಬೆರೆಸಿದ ದಿಢೀರ್ ರವೆ ಇಡ್ಲಿ, ಕೇಕು, ಬಿಸ್ಕತ್ತು ಇವುಗಳಲ್ಲಿ ಸೋಡಕ್ಕೆ ನ್ಯಾಯವಾದ ಕೆಲಸವುಂಟು. ಒಂದು ದೊಡ್ಡ ಲೋಟ, ಎಂದರೆ ಸುಮಾರು 240 ಮಿಲಿಲೀಟರ್ ಹುಳಿಮಜ್ಜಿಗೆಗೆ ಅರ್ಧ ಟೀ ಚಮಚ ಸೋಡ ಸಾಕು. ಅಷ್ಟು ಹುಳಿ ಅಷ್ಟು ಸೋಡವನ್ನು ಸರಿದೂಗಿಸುತ್ತದೆ. ಚಮಚದ ತಲೆಯನ್ನು ಬೆರಳಿನಿಂದ ಸವರಿ ಮಟ್ಟ ಮಾಡಿ ಅಳೆಯಿರಿ. ಪೊಟ್ಟಣದಿಂದ ನೇರವಾಗಿ ಸುರಿಯುವ ಅಭ್ಯಾಸ ಬಿಡಿ. ಸೋಡ ಬೆರೆಸಿದ ಹಿಟ್ಟನ್ನು ಬಹಳ ಹೊತ್ತು ಇಡಬಾರದು. ಅನಿಲ ಹೊರಟುಹೋಗುತ್ತದೆ, ಇನ್ನೊಂದಷ್ಟು ಸೋಡ ಹಾಕುವ ಆಸೆ ಹುಟ್ಟುತ್ತದೆ.

ಕಡಲೆಹಿಟ್ಟಿನ ಬಜ್ಜಿಗೆ ಚಿಟಿಕೆಗಿಂತ ಹೆಚ್ಚು ಬೇಡ. ಸೋಡ ಹೆಚ್ಚಾದ ಬಜ್ಜಿ ಬಹಳ ಎಣ್ಣೆ ಕುಡಿಯುತ್ತದೆ. ಇದರಿಂದ ಆರೋಗ್ಯಕ್ಕೂ ಕೇಡು, ಕೈಚೀಲಕ್ಕೂ ಕೇಡು.

ಹೀಗೆ ಅಳತೆಯಲ್ಲಿ ಬಳಸಿದ ಸೋಡದಿಂದ ಆರೋಗ್ಯವಂತರಿಗೆ ತೊಂದರೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಸೋಡವನ್ನು ಪರೀಕ್ಷಿಸಿ, ಆಹಾರದಲ್ಲಿ ಇದಕ್ಕೆ ದಿನದ ಮಿತಿಯನ್ನು ಅಂಕೆಯಲ್ಲಿ ಗೊತ್ತುಪಡಿಸುವ ಅಗತ್ಯವಿಲ್ಲವೆಂದು ಹೇಳಿದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿಯೂ ಇದಕ್ಕೆ ಅನುಮತಿಯಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ 500 ಎಂಬ ಸಂಖ್ಯೆ ಅಚ್ಚಾಗಿರುವುದನ್ನು ನೀವು ನೋಡಿರಬಹುದು. ಅದು ಸೋಡದ ಜಾತಿಯ ವಸ್ತುಗಳ ಗುರುತು. ಅದನ್ನು ಕಂಡು ಹೆದರಬೇಕಾದುದಿಲ್ಲ.

ಬೇಯದ ಕಾಳಿಗೆ ಸೋಡವೇ ಮದ್ದೆ?

ನಮ್ಮ ಕಡೆಯ ಮುಖ್ಯ ಪ್ರಶ್ನೆ ಇದು. ಕೊಳವೆ ಬಾವಿಯ ಗಡಸು ನೀರಿನ ಊರುಗಳಲ್ಲಿ ಹುರುಳಿ, ಒಣ ಅವರೆ, ಕಡಲೆ, ಕೆಲವು ವೇಳೆ ತೊಗರಿಬೇಳೆ ಕೂಡ ಎಷ್ಟು ಹೊತ್ತು ಕುದಿಸಿದರೂ ಕಲ್ಲಿನಂತೆ ಉಳಿಯುವುದುಂಟು. ನೀರಿನಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನೂ ಒಳಗಿನ ಅಂಟನ್ನೂ ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಸೋಡ ಹಾಕಿದರೆ ಈ ಬಿಗಿ ಸಡಿಲವಾಗಿ ಕಾಳು ಬೇಗ ಮೆತ್ತಗಾಗುತ್ತದೆ. ಸೌದೆಯೂ ಗ್ಯಾಸೂ ಉಳಿಯುತ್ತದೆ. ಆದುದರಿಂದ ಗೃಹಿಣಿಯು ಸೋಡದ ಪೊಟ್ಟಣಕ್ಕೆ ಕೈಹಾಕಿದರೆ ಅದನ್ನು ತಪ್ಪೆಂದು ಹೇಳಿ ಸುಮ್ಮನಾಗುವಂತಿಲ್ಲ.

ಆದರೆ ಉಳಿದುದೆಷ್ಟು, ಕಳೆದುದೆಷ್ಟು ಎಂದು ಲೆಕ್ಕ ಹಾಕಿ ನೋಡಿ. ಕಾಳುಗಳಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವ ಇದೆ. ಇದು ಕ್ಷಾರದಲ್ಲಿ ಬೆಂದರೆ ಬಹುಪಾಲು ನಾಶವಾಗುತ್ತದೆ. ನುಣುಪು ಮಾಡಿದ ಬಿಳಿ ಅಕ್ಕಿಯ ಅನ್ನದಲ್ಲಿ ಈ ಜೀವಸತ್ವ ಮೊದಲೇ ಬಹಳ ಕಡಿಮೆ. ಅನ್ನದಲ್ಲಿ ಇಲ್ಲದುದನ್ನು ಕಾಳಿನ ಸಾರು ತುಂಬಿಕೊಡಬೇಕು. ಆ ಸಾರಿಗೇ ಸೋಡ ಹಾಕಿದರೆ ತುಂಬುವವರಾರು? ಬಿ-1 ಕೊರತೆಯಾದರೆ ಕೈಕಾಲಿನ ನರಗಳು ಸೋಲುತ್ತವೆ, ಹೃದಯ ದುರ್ಬಲವಾಗುತ್ತದೆ. ಬಾಣಂತಿಗೆ ಈ ಕೊರತೆಯಾದರೆ ಎದೆಹಾಲಿನಲ್ಲಿಯೂ ಅದು ಕಡಿಮೆಯಾಗಿ ಹಸುಗೂಸಿನ ಪ್ರಾಣಕ್ಕೇ ಅಪಾಯವಾಗಬಹುದು. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ಬರಿಯ ಅನ್ನ ಮತ್ತು ತಿಳಿಸಾರು ಕೊಡುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಸೊಪ್ಪಿಗೆ ಸೋಡ ಹಾಕಿದರೆ ಹಸಿರು ಬಣ್ಣವೇನೋ ಉಳಿಯುತ್ತದೆ. ಆದರೆ ಅದರಲ್ಲಿರುವ ಸಿ ಜೀವಸತ್ವ ಬೇಗ ಹಾಳಾಗುತ್ತದೆ. ಕಣ್ಣಿಗೆ ಚೆಂದ, ಮೈಗೆ ನಷ್ಟ.

ಹಾಗಾದರೆ ಕಾಳು ಬೇಯಿಸುವುದು ಹೇಗೆ? ಕೆಳಗಿನ ಕ್ರಮಗಳನ್ನು ಅನುಸರಿಸಿ ನೋಡಿ.

1. ರಾತ್ರಿಯೇ ಕಾಳನ್ನು ನೆನೆಹಾಕಿ. ಹುರುಳಿ, ಅವರೆ, ಕಡಲೆಗೆ 8ರಿಂದ 12 ಗಂಟೆ ಬೇಕು. ನೀರು ಬಹಳ ಗಡಸಾಗಿದ್ದರೆ ಲೀಟರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ ಅದರಲ್ಲಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ ಕಾಳು ತೊಳೆಯಿರಿ. ಸಿಪ್ಪೆ ಮೆತ್ತಗಾಗಿರುತ್ತದೆ.

2. ಹುರುಳಿಯನ್ನು ಮೊಳಕೆ ಕಟ್ಟಿ. ಮೊಳಕೆ ಹುರುಳಿ ಸಾರು ನಮ್ಮ ಸೀಮೆಯ ಹಳೆಯ ಅಡಿಗೆ. ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಒಣಕಾಳಿನಲ್ಲಿ ಇಲ್ಲದ ಸಿ ಜೀವಸತ್ವವೂ ಅದರಲ್ಲಿ ಹುಟ್ಟುತ್ತದೆ. ನಮ್ಮ ಅಜ್ಜಿಯರು ಸೋಡವಿಲ್ಲದೆ ಈ ಕೆಲಸ ಮಾಡಿದವರು.

3. ಕಾಳು ಬೇಯಿಸುವುದಕ್ಕೆ ಮಳೆನೀರು ಇದ್ದರೆ ಅದನ್ನೇ ಬಳಸಿ. ಇಲ್ಲವಾದರೆ ನೀರನ್ನು ಚೆನ್ನಾಗಿ ಕುದಿಸಿ ತಣಿಸಿ, ಮೇಲಿನ ತಿಳಿ ನೀರನ್ನು ಬಗ್ಗಿಸಿಕೊಳ್ಳಿ. ಗಡಸಿನ ಒಂದು ಭಾಗ ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳೆಯಾಗಿ ಉಳಿಯುತ್ತದೆ. ಆದರೆ ಒಂದು ಮಾತು: ಫ್ಲೋರೈಡ್ ಅಂಶ ಹೆಚ್ಚಾಗಿರುವ ನೀರು ಕುದಿಸಿದರೆ ಶುದ್ಧವಾಗುವುದಿಲ್ಲ. ಅಂಥ ಊರಿನವರು ಅಡಿಗೆಗೂ ಕುಡಿಯುವುದಕ್ಕೂ ಶುದ್ಧೀಕರಿಸಿದ ನೀರನ್ನೇ ತರಬೇಕು.

4. ಹುಣಿಸೆಹುಳಿ, ಟೊಮೆಟೊಗಳನ್ನು ಕಾಳು ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಬಿದ್ದರೆ ಕಾಳು ಇನ್ನಷ್ಟು ಗಟ್ಟಿಯಾಗುತ್ತದೆ.

5. ಪ್ರೆಷರ್ ಕುಕ್ಕರ್ ಇರುವವರು ಅದರಲ್ಲಿ ಬೇಯಿಸಿ. ಹಳೆಯ ಕಾಳು ಬೇಯುವುದು ತಡ. ಒಣಗಿಸಿ, ತಂಪಾದ ಜಾಗದಲ್ಲಿಟ್ಟು, ಹಳೆಯದನ್ನು ಮೊದಲು ಖರ್ಚು ಮಾಡಿ.

ಶಾಲೆಯ ಬಿಸಿಯೂಟದ ಅಡಿಗೆಯವರೂ ಇದನ್ನು ಪಾಲಿಸಬೇಕೆಂದು ಕೋರುತ್ತೇವೆ. ನೂರು ಮಕ್ಕಳ ಸಾರಿಗೆ ಹಾಕಿದ ಸೋಡ ನೂರು ಮಕ್ಕಳ ಜೀವಸತ್ವವನ್ನು ಕಳೆಯುತ್ತದೆ.

ಇಡ್ಲಿ ದೋಸೆಗೆ ಬೇಡ

ಅಕ್ಕಿ ಮತ್ತು ಉದ್ದಿನಬೇಳೆಯನ್ನು ರುಬ್ಬಿಟ್ಟರೆ ಬೇಳೆಯಲ್ಲಿಯೇ ಇರುವ ಒಳ್ಳೆಯ ಸೂಕ್ಷ್ಮಜೀವಿಗಳು ಹಿಟ್ಟನ್ನು ಹುದುಗಿಸಿ ಉಬ್ಬಿಸುತ್ತವೆ. ಈ ಹುದುಗುವಿಕೆಯಿಂದ ಹಿಟ್ಟು ಸುಲಭವಾಗಿ ಜೀರ್ಣವಾಗುವಂತಾಗುತ್ತದೆ. ಚಳಿಗಾಲದಲ್ಲಿ ಬೆಟ್ಟದ ಸೆರಗಿನ ಊರುಗಳಲ್ಲಿ ಹಿಟ್ಟು ಹುದುಗುವುದು ತಡವಾಗುತ್ತದೆ ನಿಜ. ಆಗ ಸಂಜೆ ಮುಂಚಿತವಾಗಿ ರುಬ್ಬಿ, ಬೆಚ್ಚಗಿನ ನೀರು ಬಳಸಿ, ಪಾತ್ರೆಯನ್ನು ಒಲೆಯ ಪಕ್ಕದಲ್ಲಿ ಗೋಣಿತಾಟು ಸುತ್ತಿ ಇಡಿ. ಹುದುಗದ ಹಿಟ್ಟಿಗೆ ಸೋಡ ಹಾಕಿದರೆ ಇಡ್ಲಿ ಉಬ್ಬಿದಂತೆ ಕಾಣುತ್ತದೆಯೇ ಹೊರತು ಹುದುಗಿದ ಇಡ್ಲಿಯ ಗುಣ ಅದಕ್ಕೆ ಬರುವುದಿಲ್ಲ.

ಹಾಲಿಗೆ ಹಾಕುವುದು ಅಪರಾಧ

ಬೇಸಿಗೆಯಲ್ಲಿ ಡೈರಿಗೆ ಒಯ್ಯುವ ಹಾಲು ಹುಳಿಯಾಗಬಾರದೆಂದು ಯಾರಾದರೂ ಚಿಟಿಕೆ ಸೋಡ ಹಾಕಲು ಸಲಹೆ ಕೊಟ್ಟರೆ ಕೇಳಬೇಡಿ. ಹಾಲು ಹುಳಿಯಾಗುವುದು ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ ಎಂಬ ಎಚ್ಚರಿಕೆ. ಸೋಡ ಆ ಜೀವಿಗಳನ್ನು ಕೊಲ್ಲುವುದಿಲ್ಲ, ಹುಳಿಯನ್ನು ಮಾತ್ರ ಅಡಗಿಸುತ್ತದೆ. ಕೆಟ್ಟ ಹಾಲು ಒಳ್ಳೆಯ ಹಾಲಿನ ವೇಷ ಹಾಕಿಕೊಂಡು ಮಗುವಿನ ಲೋಟಕ್ಕೆ ಬರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ಕಲಬೆರಕೆ ಶಿಕ್ಷಾರ್ಹ. ಇದು ಪತ್ತೆಯಾಗುವುದೂ ಸುಲಭ. ಹಾಲಿಗೆ ಅಷ್ಟೇ ಮದ್ಯಸಾರ ಬೆರೆಸಿ ಕೆಲವು ತೊಟ್ಟು ರೊಸೋಲಿಕ್ ಆಮ್ಲ ಹಾಕಿದರೆ ಸೋಡ ಬೆರೆತ ಹಾಲು ಗುಲಾಬಿ ಕೆಂಪಾಗುತ್ತದೆ. ಹಾಲು ಕೆಡದಂತೆ ಕಾಪಾಡಬೇಕಾದರೆ ಕೆಚ್ಚಲು, ಕೈ, ಪಾತ್ರೆ ಮೂರನ್ನೂ ತೊಳೆಯಿರಿ, ಕ್ಯಾನನ್ನು ನೆರಳಿನಲ್ಲಿ ಒದ್ದೆಬಟ್ಟೆ ಸುತ್ತಿ ಇಡಿ, ಕರೆದ ಕೂಡಲೇ ಡೈರಿಗೆ ಮುಟ್ಟಿಸಿ.

ರಕ್ತದೊತ್ತಡ ಇರುವವರು ಎಚ್ಚರಿಕೆಯಿಂದಿರಿ

ಉಪ್ಪು ಬಿಟ್ಟಿದ್ದೇನೆ ಎನ್ನುವ ಹಿರಿಯರು ಸೋಡದ ಲೆಕ್ಕ ಮರೆಯುತ್ತಾರೆ. ಉಪ್ಪಿನಲ್ಲಿ ಕೇಡು ಮಾಡುವ ಸೋಡಿಯಂ ಸೋಡದಲ್ಲಿಯೂ ಇದೆ. ಒಂದು ಗ್ರಾಂ ಸೋಡದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಉಂಟು. ಒಂದು ಟೀ ಚಮಚ, ಎಂದರೆ ಸುಮಾರು 5 ಗ್ರಾಂ ಸೋಡ ನುಂಗಿದರೆ 1,300 ಮಿಲಿಗ್ರಾಮಿಗೂ ಹೆಚ್ಚು ಸೋಡಿಯಂ ಮೈಸೇರಿತು. ಇಡೀ ದಿನಕ್ಕೆ ಎಲ್ಲ ಆಹಾರದಿಂದ 2,000 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಹೃದಯರೋಗ, ಮೂತ್ರಪಿಂಡದ ಕಾಯಿಲೆ ಇರುವವರು ಸೋಡ ಹಾಕಿದ ತಿಂಡಿಗಳನ್ನು ಆದಷ್ಟು ಕಡಿಮೆ ಮಾಡಬೇಕು. ಉಪ್ಪಿಲ್ಲದ ಊಟ ಮಾಡಿ ಸಂಜೆ ಸೋಡದ ಬಜ್ಜಿ ತಿಂದರೆ ಪಥ್ಯ ಮಾಡಿದಂತಾಗುವುದಿಲ್ಲ.

ಎದೆನೋವಿಗೆ ಸೋಡ ಕುಡಿಯಬೇಡಿ

ಹೊಟ್ಟೆಯುರಿಗೆ ಸೋಡ ಬೆರೆಸಿದ ನೀರು ಕುಡಿಯುವ ರೂಢಿ ಹಳೆಯದು. ಹೊಟ್ಟೆಯ ಆಮ್ಲವನ್ನು ಅದು ತಗ್ಗಿಸುವುದು ನಿಜ. ಆದರೆ ಹೊಟ್ಟೆ ಬಿರಿಯ ಉಂಡ ಮೇಲೆ ಚಮಚಗಟ್ಟಲೆ ಸೋಡ ಕುಡಿದು, ಒಮ್ಮೆಗೇ ಹುಟ್ಟಿದ ಅನಿಲದಿಂದ ಜಠರ ಬಿರಿದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇದು ಅಪರೂಪ, ಆದರೆ ಘೋರ. ದಿನವೂ ಕುಡಿದರೆ ರಕ್ತದ ಆಮ್ಲ ಮತ್ತು ಕ್ಷಾರಗಳ ಸಮತೋಲ ಕೆಡುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರ ಸಲಹೆಯಿಲ್ಲದೆ ಕೊಡಲೇಬಾರದು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹೃದಯಾಘಾತ ಹಲವು ವೇಳೆ ಗ್ಯಾಸಿನ ತೊಂದರೆಯಂತೆಯೇ ಆರಂಭವಾಗುತ್ತದೆ. ಎದೆ ಹಿಡಿದಂತಾಗುವುದು, ನೋವು ತೋಳಿಗೋ ದವಡೆಗೋ ಬೆನ್ನಿಗೋ ಇಳಿಯುವುದು, ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಇವು ಅದರ ಲಕ್ಷಣಗಳು. ಆಗ ಸೋಡ ಮತ್ತು ನಿಂಬೆರಸ ಕುಡಿಸಿ, ತೇಗು ಬರಲೆಂದು ಕಾಯುತ್ತ ಕೂತರೆ ಪ್ರಾಣ ಉಳಿಸುವ ಗಳಿಗೆ ಕೈತಪ್ಪುತ್ತದೆ. ಕೂಡಲೇ 108ಕ್ಕೆ ಫೋನು ಮಾಡಿ. ತೋಟದ ಮನೆಯಿಂದ ಆಸ್ಪತ್ರೆಗೆ ದಾರಿ ದೂರವಿರುವವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು.

ಭೇದಿಯಾದವರಿಗೆ ಕೊಡುವ ಸಕ್ಕರೆ ಉಪ್ಪಿನ ನೀರಿಗೂ ಸೋಡ ಸೇರಿಸಬೇಕೆಂದು ಹಿರಿಯರು ಕೆಲವರು ಹೇಳುವುದುಂಟು. ಹಿಂದೆ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ 2.5 ಗ್ರಾಂ ಸೋಡ ಇದ್ದುದು ನಿಜ. 1984ರ ಹೊತ್ತಿಗೆ ಅದರ ಬದಲು, ಬಹುಕಾಲ ಕೆಡದೆ ಉಳಿಯುವ ಸಿಟ್ರೇಟ್ ಎಂಬ ಲವಣ ಬಂತು. ಈಗ ಅಂಗನವಾಡಿ, ಆಶಾ ಕಾರ್ಯಕರ್ತೆಯರಿಂದ ದೊರೆಯುವ ಓಆರ್‌ಎಸ್ ಪೊಟ್ಟಣವನ್ನೇ ಬಳಸಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಸೋಡ ಬೇಡ.

ಮೂರು ಸೋಡಗಳು, ಒಂದೇ ಬಣ್ಣ

ಅಡಿಗೆ ಸೋಡ, ಬಟ್ಟೆ ಸೋಡ, ಕಾಸ್ಟಿಕ್ ಸೋಡ ಮೂರೂ ಬಿಳಿಯವೇ. ಅಡಿಗೆ ಸೋಡ ತಿನ್ನತಕ್ಕದ್ದು. ಬಟ್ಟೆ ಸೋಡ ಬಾಯಿ ಗಂಟಲುಗಳನ್ನು ಕೆರಳಿಸಿ ಹುಣ್ಣು ಮಾಡುತ್ತದೆ. ಸಾಬೂನು ತಯಾರಿಕೆಗೆ ಬಳಸುವ ಕಾಸ್ಟಿಕ್ ಸೋಡ ಅನ್ನನಾಳವನ್ನೇ ಸುಟ್ಟುಬಿಡುತ್ತದೆ. ನಿಂಬೆರಸ ಹಾಕಿ ಬುರುಗು ಬಂದರೆ ಅಡಿಗೆ ಸೋಡ ಎಂದು ನಂಬಬೇಡಿ. ಬಟ್ಟೆ ಸೋಡವೂ ಹಾಗೆಯೇ ಬುರುಗುತ್ತದೆ. ಆದುದರಿಂದ ಕಾಗದದಲ್ಲಿ ಕಟ್ಟಿದ ಬಿಡಿ ಸೋಡ ಕೊಳ್ಳದೆ, ಪರವಾನಗಿ ಸಂಖ್ಯೆಯೂ ತಾರೀಖೂ ಇರುವ ಮುಚ್ಚಿದ ಪೊಟ್ಟಣವನ್ನೇ ಕೊಳ್ಳಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದಂಟಿಸಿ. ಬಟ್ಟೆ ಸೋಡ, ಕಾಸ್ಟಿಕ್ ಸೋಡ, ತೋಟದ ಔಷಧಿಗಳನ್ನು ಅಡಿಗೆಮನೆಯಿಂದ ಹೊರಗೆ, ಮಕ್ಕಳ ಕೈಗೆ ಎಟುಕದಂತೆ ಬೀಗದಲ್ಲಿಡಿ.

ಯಾರಾದರೂ ತಪ್ಪಿ ನುಂಗಿದರೆ ವಾಂತಿ ಮಾಡಿಸಬೇಡಿ. ಹೊರಗೆ ಬರುವಾಗ ಅದು ಮತ್ತೊಮ್ಮೆ ಗಂಟಲನ್ನು ಸುಡುತ್ತದೆ. ನಿಂಬೆರಸವನ್ನೂ ಕುಡಿಸಬೇಡಿ. ಬಾಯಿ ಮುಕ್ಕಳಿಸಿ ಉಗುಳಿಸಿ, ಪೊಟ್ಟಣವನ್ನು ಜೊತೆಯಲ್ಲಿ ತೆಗೆದುಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ.

ಮಾಡಿ ನೋಡಿ

ಮುಂದಿನ ಬಾರಿ ನಿಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ಸೇರಿದಾಗ ಒಂದು ಪ್ರಾತ್ಯಕ್ಷಿಕೆ ಏರ್ಪಡಿಸಿ. ಒಂದೇ ಅಳತೆಯ ಹುರುಳಿಯನ್ನು ಎರಡು ಪಾತ್ರೆಗಳಲ್ಲಿ ಬೇಯಿಸಿ. ಒಂದರಲ್ಲಿ ನೆನೆಸದ ಕಾಳು ಮತ್ತು ಸೋಡ. ಇನ್ನೊಂದರಲ್ಲಿ ರಾತ್ರಿ ನೆನೆಸಿ ಮೊಳಕೆ ಕಟ್ಟಿದ ಕಾಳು, ಸೋಡವಿಲ್ಲದೆ. ಯಾವುದಕ್ಕೆ ಎಷ್ಟು ಹೊತ್ತು ಬೇಕಾಯಿತೆಂದು ಗಡಿಯಾರ ನೋಡಿ ಬರೆದಿಡಿ. ಎರಡರ ಸಾರನ್ನೂ ಬಡಿಸಿ ರುಚಿ ಕೇಳಿ. ನಮ್ಮ ಮಾತಿಗಿಂತ ಆ ಎರಡು ಪಾತ್ರೆಗಳು ಹೆಚ್ಚು ಚೆನ್ನಾಗಿ ಹೇಳುತ್ತವೆ.

ಹಿಟ್ಟು ಉಬ್ಬಿಸಲು ಹುಳಿಯ ಜೊತೆಗೆ ಅಳತೆಯಾಗಿ ಹಾಕಿದ ಸೋಡ ಅಡಿಗೆಯವರ ಮಿತ್ರ. ನೆನೆಯದ ಕಾಳನ್ನೋ, ಹುದುಗದ ಹಿಟ್ಟನ್ನೋ, ಕೆಟ್ಟ ಹಾಲನ್ನೋ, ಎದೆಯ ನೋವನ್ನೋ ಮುಚ್ಚಿಡಲು ಹಾಕಿದ ಸೋಡ ಮನೆಯವರ ಶತ್ರು. ಮುಂದಿನ ಸಲ ಪೊಟ್ಟಣ ಬಿಚ್ಚುವ ಮುನ್ನ, ಇದನ್ನು ಉಬ್ಬಿಸಲು ಹಾಕುತ್ತಿದ್ದೇನೆಯೇ, ಮುಚ್ಚಿಡಲು ಹಾಕುತ್ತಿದ್ದೇನೆಯೇ ಎಂದು ಒಂದು ಗಳಿಗೆ ಯೋಚಿಸಿ. ಅಷ್ಟು ಮಾಡಿದರೆ ಸಾಕು.